ಸಂಶೋಧನೆ ಬಾಬ್ತಿನ ನಲವತ್ತೆಂಟು ಸಾವಿರ

ಇಂಧನ ಸಂಶೋಧನಾ ಕೇಂದ್ರದ ಲೆಕ್ಕಪತ್ರ ವಿಭಾಗದಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಸೂಪರಿಂಟೆಂಡೆಂಟ್. ಹೆಸರು ಕಮಲಾಕ್ಷ. ಊರಿನಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಲೆಕ್ಕದ ಸಾರ್ ಎನ್ನುತ್ತಾರೆ. ನನ್ನ ಕೆಲಸ ಸುಲಭದ್ದು ಎಂದು ಹೊರಗಿನವರು ತಿಳಿಯುತ್ತಾರೆ. ಯಾಕೆಂದರೆ ನಮ್ಮ ಊರಿನಲ್ಲಿ ಸರ್ಕಾರದ ಹಣ ತಾನು ಯಾವ ಬಾಬ್ತಿಗೆ ಮಂಜೂರಾಗಿದೆಯೋ ಅದಕ್ಕಲ್ಲದೆ ಬೇರೆ ಯಾವುದಕ್ಕೂ ಕೈ ಬಿಡುವುದಿಲ್ಲ. ಕೊಡುವವನ ಬೆರಳುಗಳ ನಡುವೆ ನೋಟು ಹಲಸಿನ ಮೇಣ ಹಚ್ಚಿದ ಹಾಗೆ ಅಂಟಿಕೊಳ್ಳುತ್ತದೆ. ಎಳೆದರೆ ಹರಿಯುವುದೂ ಇಲ್ಲ. ಸರಿಯಾದ ಬಾಬ್ತಿಗೆ ಕೊಟ್ಟರೆ, ಇಲ್ಲವೇ ಖಜಾನೆಗೆ ಹೋಗಿ ಪೆಟ್ಟಿಗೆಯೊಳಗೆ ಕೈ ಇಟ್ಟರೆ ಮಾತ್ರ ಬಿಡುತ್ತದೆ. ಸರ್ಕಾರಿ ಕಾಗದಕ್ಕೆ ಹಾಕುವ ಸಹಿಯದೂ ಅದೇ ಕಥೆ, ಬರೆದದ್ದು ಸರಿಯಿಲ್ಲದಿದ್ದರೆ ಶಾಯಿ ಆರುವುದಿಲ್ಲ.

ಊರಿನ ಜನಕ್ಕೆ ಇದು ರೂಢಿಯಾಗಿದೆ. ಸರ್ಕಾರಿ ನೌಕರ ಸಾಮಾನು ಕಟ್ಟಿಸಿಕೊಂಡು ಕೈ ಚಾಚಿದರೆ, ಅಂಗಡಿಯವರು ನೋಟಿನ ಇನ್ನೊಂದು ತುದಿ ಹಿಡಿದುಕೊಂಡು ಎರಡು ಕ್ಷಣ ಕಾಯುತ್ತಾರೆ. ಬಂದರೆ ಪೆಟ್ಟಿಗೆಗೆ, ಬರದಿದ್ದರೆ ಸಾಮಾನು ಮತ್ತೆ ಕಪಾಟಿಗೆ. ವಿಧವಾ ವೇತನದ ಹಣ ಮಗನ ಬೀಡಿಗೆ ಹೋಗುವುದಿಲ್ಲವಾದ್ದರಿಂದ ಊರಿನ ಮುದುಕಿಯರು ನೆಮ್ಮದಿಯಾಗಿದ್ದಾರೆ. ಕಂಟ್ರಾಕ್ಟರುಗಳು ಬಹಳ ಹಿಂದೆಯೇ ಊರು ಬಿಟ್ಟರು. ಆದರೆ ಹಣಕ್ಕೆ ನಿಯತ್ತು ಇದೆಯೇ ಹೊರತು ಬುದ್ಧಿ ಇದೆ ಎಂದು ಹೇಳಲಾರೆ. ಒಮ್ಮೆ ರಾಜಧಾನಿಯ ಗುಮಾಸ್ತನೊಬ್ಬ ಸರ್ವೆ ನಂಬರ್ ತಪ್ಪು ಬರೆದ. ಹಳ್ಳದ ಮೇಲೆ ಕಟ್ಟಬೇಕಾಗಿದ್ದ ಸೇತುವೆ ಬಯಲಿಗೆ ಮಂಜೂರಾಯಿತು. ಹಳ್ಳದ ದಡದಲ್ಲಿ ಒಂದು ಬುಟ್ಟಿ ಜಲ್ಲಿ ಕೊಳ್ಳುವುದಕ್ಕೂ ಆ ಹಣ ಬಿಡಲಿಲ್ಲ. ಕೊನೆಗೆ ಬಯಲಿನಲ್ಲೇ ಸೇತುವೆ ಕಟ್ಟಿದರು. ಬಹಳ ಗಟ್ಟಿಯಾದ ಸೇತುವೆ. ಅದರ ಕೆಳಗೆ ನೆರಳಿನಲ್ಲಿ ಮಂಗಳವಾರದ ಸಂತೆ ನಡೆಯುತ್ತದೆ. ಹಳ್ಳವನ್ನು ನಾವು ಈಗಲೂ ಪಂಚೆ ಎತ್ತಿ ದಾಟುತ್ತೇವೆ.

ನಮ್ಮ ಕೇಂದ್ರ ಇರುವುದು ಊರ ಹೊರಗಿನ ಗುಡ್ಡದ ಮೇಲೆ. ಕಡಿಮೆ ಖರ್ಚಿನಲ್ಲಿ ಜನಕ್ಕೆ ಬೆಂಕಿ ಬೆಳಕು ಸಿಗುವ ದಾರಿ ಹುಡುಕಬೇಕೆಂದು ಕಟ್ಟಿದ್ದು. ವರ್ಷಕ್ಕೆ ನಾಲ್ಕು ಲಕ್ಷದ ಸಂಸ್ಥೆ. ಎರಡು ಲಕ್ಷ ರಾಜಧಾನಿಯ ಇಲಾಖೆಯಿಂದ ಎರಡು ಕಂತಿನಲ್ಲಿ ಬರುತ್ತದೆ. ಒಂದೂವರೆ ಲಕ್ಷ ಊರಿನವರದೇ: ಪ್ರತಿ ಮನೆಯ ಕರೆಂಟ್ ಬಿಲ್ಲಿನಲ್ಲಿ ತಿಂಗಳಿಗೆ ಒಂದು ರೂಪಾಯಿ ಸಂಶೋಧನಾ ಸೆಸ್ ಎಂದು ಸೇರಿರುತ್ತದೆ. ಉಳಿದ ಐವತ್ತು ಸಾವಿರ ನಮ್ಮ ಗೆಸ್ಟ್ ಹೌಸಿನ ಬಾಡಿಗೆ. ಖರ್ಚಿನ ವಿಷಯಕ್ಕೆ ಬಂದರೆ, ರೂಪಾಯಿಯಲ್ಲಿ ಅರವತ್ತು ಪೈಸೆ ಸಂಬಳಕ್ಕೆ, ಇಪ್ಪತ್ತು ಕಟ್ಟಡ ಮತ್ತು ಜೀಪಿಗೆ, ಎಂಟು ಪ್ರಯಾಣಕ್ಕೆ, ಹನ್ನೆರಡು ಸಂಶೋಧನೆಗೆ. ಈ ಲೆಕ್ಕವನ್ನು ನಾನು ಕ್ಷೌರದ ಅಂಗಡಿಯಲ್ಲಿ ಎಷ್ಟು ಸಲ ಒಪ್ಪಿಸಿದ್ದೇನೋ. ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡು ಕ್ಷೌರಿಕ, "ಲೆಕ್ಕದ ಸಾರ್, ಹದಿನೈದು ವರ್ಷದಿಂದ ರೂಪಾಯಿ ಕೊಡ್ತಾ ಇದೀನಿ. ಏನ್ ಕಂಡ್ ಹಿಡಿದ್ರಿ?" ಎಂದು ಕೇಳುತ್ತಿದ್ದ. ನಾನು ಕತ್ತು ಅಲ್ಲಾಡಿಸದೆ, "ನಡೀತಾ ಇದೆ" ಎನ್ನುತ್ತಿದ್ದೆ.

ನಿಜ ಹೇಳಬೇಕೆಂದರೆ ಏನೂ ನಡೆಯುತ್ತಿರಲಿಲ್ಲ. ಸಂಬಳದ ಹಣ ಸಲೀಸಾಗಿ ಹೋಗುತ್ತಿತ್ತು. ಜೀಪಿನ ಹಣ ಜೀಪಿಗೆ ಹೋಗುತ್ತಿತ್ತು. ಸಂಶೋಧನೆಯ ನಲವತ್ತೆಂಟು ಸಾವಿರ ಮಾತ್ರ ಖಜಾನೆಯಿಂದ ಚೀಲದಲ್ಲಿ ಬಂದು, ವರ್ಷವೆಲ್ಲ ನನ್ನ ಬೀರುವಿನಲ್ಲಿ ಕೂತಿದ್ದು, ಮಾರ್ಚ್ ಕೊನೆಗೆ ಹಾಗೇ ಖಜಾನೆಗೆ ವಾಪಸಾಗುತ್ತಿತ್ತು. ನಮ್ಮ ನಿರ್ದೇಶಕರು ಡಾಕ್ಟರ್ ವೃಷಭೇಂದ್ರ. ಕೆಟ್ಟವರಲ್ಲ, ಒಳ್ಳೆಯ ಧ್ವನಿ ಇದ್ದವರು, ಸ್ವಾಗತ ಭಾಷಣ ಚೆನ್ನಾಗಿ ಮಾಡುತ್ತಿದ್ದರು. ಹೊಸದಾಗಿ ಬಂದಾಗ ಅವರಿಗೆ ಊರಿನ ವಿಷಯ ನಂಬಿಕೆಯಾಗದೆ, ಆ ಚೀಲದಿಂದ ನಾಲ್ಕು ನೋಟು ತೆಗೆದು ತಮ್ಮ ಕೋಣೆಗೆ ಸೋಫಾ ಕೊಳ್ಳಲು ಹೋದರು. ನೋಟು ಅಂಟಿತು. ಖಜಾನೆಗೆ ಅವತ್ತು, ಮರುದಿನ ಎರಡೂ ರಜೆ. ಮರುದಿನ ಒಂದು ಮದುವೆಗೆ ಹೋಗಲೇಬೇಕಾಗಿತ್ತು. ಎಡಗೈಯಲ್ಲಿ ಅಕ್ಷತೆ ಹಾಕುವಾಗ ಹೆಣ್ಣಿನ ಸೋದರಮಾವ ಬಲಗೈಯಲ್ಲಿದ್ದದ್ದು ಮುಯ್ಯಿ ಎಂದುಕೊಂಡು ನಗುತ್ತ ಹಿಡಿದು ಎಳೆದ. ಇಬ್ಬರೂ ಮಂಟಪದಿಂದ ಊಟದ ಹಾಲ್‌ವರೆಗೆ ಎಳೆದಾಡಿಕೊಂಡೇ ಹೋದರು. ಆಮೇಲೆ ಆ ಚೀಲದ ತಂಟೆಗೆ ಅವರು ಹೋಗಲಿಲ್ಲ.

ಹೀಗಿರುವಾಗ ಆ ವರ್ಷ ಜನವರಿ ಮೊದಲ ವಾರ ರಾಜಧಾನಿಯಿಂದ ಒಂದು ಆದೇಶ ಬಂತು. ವರ್ಷ ವರ್ಷವೂ ಸಂಶೋಧನೆ ಬಾಬ್ತಿನ ಹಣ ಖರ್ಚಾಗದೆ ವಾಪಸ್ ಬರುತ್ತಿದೆ, ಈ ವರ್ಷವೂ ಹೀಗೇ ಆದರೆ ಕೇಂದ್ರವನ್ನು ಮುಚ್ಚಿ ಕಟ್ಟಡವನ್ನು ಕುಕ್ಕುಟ ಅಭಿವೃದ್ಧಿ ಮಂಡಳಿಗೆ ವಹಿಸಲಾಗುವುದು, ಮಾರ್ಚ್ ಮೂವತ್ತೊಂದಕ್ಕೆ ತನಿಖಾಧಿಕಾರಿ ಬರುತ್ತಾರೆ ಎಂದಿತ್ತು. ಕೇಂದ್ರ ಮುಚ್ಚಿದರೂ ಸೆಸ್ ಮುಂದುವರಿಯತಕ್ಕದ್ದು ಎಂದು ಕೊನೆಯ ಸಾಲಿನಲ್ಲಿತ್ತು. ನಾವು ಹದಿನಾಲ್ಕು ಜನ. ನನಗೆ ನಿವೃತ್ತಿಗೆ ಮೂರು ವರ್ಷ. ಈ ವಯಸ್ಸಿನಲ್ಲಿ ನನ್ನನ್ನು ಕೋಳಿ ಲೆಕ್ಕ ಮಾಡಲು ಇಟ್ಟುಕೊಳ್ಳುತ್ತಾರೆಂಬ ಭರವಸೆಯೂ ಇರಲಿಲ್ಲ.

ನಿರ್ದೇಶಕರು ವಾರದೊಳಗೆ ಒಂದು ದಾರಿ ಕಂಡುಕೊಂಡರು. ರಾಜಧಾನಿಯ ಒಬ್ಬ ಏಜೆಂಟನಿಗೆ ಫೋನ್ ಮಾಡಿ ಉಷ್ಣಮಾಪಕ ಯಂತ್ರ ತರಿಸಿದರು. ಬೆಲೆ ನಲವತ್ತಾರೂವರೆ ಸಾವಿರ. ಯಂತ್ರ ನೋಡಲು ಚೆನ್ನಾಗಿತ್ತು, ಮುಂಭಾಗದಲ್ಲಿ ಒಂಬತ್ತು ಮುಳ್ಳು, ಪಕ್ಕದಲ್ಲಿ ಹಸಿರು ದೀಪ. ನಾನು ಚೀಲ ತಂದು ಮೇಜಿನ ಮೇಲಿಟ್ಟೆ. ನಿರ್ದೇಶಕರು ನೋಟಿನ ಕಟ್ಟು ಎತ್ತಿ ಏಜೆಂಟನ ಕಡೆ ಚಾಚಿದರು. ಏಜೆಂಟ್ ಹಿಡಿದುಕೊಂಡ. ಇಬ್ಬರೂ ಹಾಗೇ ನಿಂತರು.

"ಬಿಡಿ ಸಾರ್" ಎಂದ ಏಜೆಂಟ್.

"ನಾನು ಬಿಟ್ಟೇ ಇದೀನಿ ಕಣ್ರೀ" ಎಂದರು ನಿರ್ದೇಶಕರು.

ಏಜೆಂಟ್ ಕುರ್ಚಿಗೆ ಕಾಲು ಕೊಟ್ಟು ಎಳೆದ. ಪಕ್ಕದಲ್ಲಿ ನಮ್ಮ ವಿಜ್ಞಾನಿ ಡಾಕ್ಟರ್ ಪ್ರಹ್ಲಾದ ನಿಂತಿದ್ದರು. ಅವರು ಗಾಳಿಯ ವಿಷಯದಲ್ಲಿ ಪಂಡಿತರು. ನಮ್ಮ ಗುಡ್ಡದ ಮೇಲೆ ಗಾಳಿ ಬೀಸುವುದಿಲ್ಲವಾದ್ದರಿಂದ ಹನ್ನೊಂದು ವರ್ಷದಿಂದ ದಿನಕ್ಕೆ ಮೂರು ಸಲ ಸೊನ್ನೆ ಎಂದು ಬರೆಯುತ್ತಿದ್ದರು. ಅವರು ಮೆಲ್ಲಗೆ, "ಸಾರ್, ಇದನ್ನ ಇಟ್ಕೊಂಡು ಏನನ್ನ ಅಳೀಬೇಕು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ಇರಬೇಕು" ಎಂದರು. ನಿರ್ದೇಶಕರು ಅವರನ್ನು ನೋಡಿದ ನೋಟಕ್ಕೆ ಗಾಳಿ ಇದ್ದರೂ ನಿಂತುಹೋಗುತ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ದೇವೀರಮ್ಮ ಕಾಣಿಸಿದಳು. ನಮ್ಮ ಕ್ಯಾಂಟೀನು ನಡೆಸುವವಳು, ಐವತ್ತರ ಹೆಂಗಸು. ಏಳನೆಯ ತರಗತಿವರೆಗೆ ಓದಿದ್ದಾಳೆ. ಹನ್ನೆರಡು ವರ್ಷದಿಂದ ನಮಗೆ ಟೀ, ಉಪ್ಪಿಟ್ಟು, ಮಧ್ಯಾಹ್ನದ ಊಟ ಅವಳದೇ. ಅವಳು ಒಳಗಿನ ಎಳೆದಾಟವನ್ನು ಗಮನಿಸದವಳಂತೆ ನನ್ನ ಹತ್ತಿರ ಬಂದು, "ಸಾರ್, ಎಂಟು ರೂಪಾಯಿ ಮುಂಗಡ ಕೊಡಿ. ಅಕ್ಕಿ ಮಿಲ್ಲಿನ ಹೊಟ್ಟಿನ ಗಾಡಿ ಬಂದು ನಿಂತದೆ. ಟೀ ಲೆಕ್ಕದಲ್ಲಿ ಮುರ್ಕೊಳ್ಳಿ" ಎಂದಳು. ಮುಂಗಡವನ್ನು ಯಾವಾಗಲೂ ನನ್ನ ಜೇಬಿನಿಂದಲೇ ಕೊಡುತ್ತಿದ್ದೆ. ಅವತ್ತು ಗಾಬರಿಯಲ್ಲಿ ಕೈ ಚೀಲಕ್ಕೆ ಹೋಯಿತು. ಹತ್ತು ರೂಪಾಯಿ ನೋಟು ತೆಗೆದು ಕೊಟ್ಟೆ, ಅವಳು ಸೆರಗಿನ ಗಂಟಿನಿಂದ ಎರಡು ರೂಪಾಯಿ ಚಿಲ್ಲರೆ ನನ್ನ ಕೈಗಿಟ್ಟು ಹೋದಳು. ಅವಳು ಮೆಟ್ಟಿಲು ಇಳಿದ ಮೇಲೆ ನನಗೆ ಅರಿವಾಯಿತು. ಇಷ್ಟು ವರ್ಷ ಯಾರ ಕೈಗೂ ಹೋಗದಿದ್ದ ಹಣ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಹೋಗಿತ್ತು.

ನಾನು ಯಾರಿಗೂ ಹೇಳದೆ ಕ್ಯಾಂಟೀನಿಗೆ ಹೋದೆ. ಹನ್ನೆರಡು ವರ್ಷದಲ್ಲಿ ಅದರ ಹಿಂಭಾಗಕ್ಕೆ ನಾನು ಕಾಲಿಟ್ಟದ್ದು ಅದೇ ಮೊದಲು. ಅಲ್ಲಿ ಸಾಲಾಗಿ ಐದು ಒಲೆ. ಒಂದು ಜೇಡಿಮಣ್ಣಿನದು, ಒಂದು ಹಳೇ ಡ್ರಮ್ಮಿನದು, ಒಂದಕ್ಕೆ ಮುರಿದ ಪೈಪಿನ ಚಿಮಣಿ, ಒಂದಕ್ಕೆ ಎರಡು ಬಾಯಿ. ಮೂಲೆಯಲ್ಲಿ ತರಕಾರಿಯವರ ತಕ್ಕಡಿ. ಗೋಡೆಗೆ ಮೊಳೆ ಹೊಡೆದು ಹನ್ನೆರಡು ವರ್ಷದ ಕ್ಯಾಲೆಂಡರುಗಳನ್ನು ತೂಗುಹಾಕಿದ್ದಳು. ಅವುಗಳ ಹಿಂಭಾಗದ ಬಿಳಿ ಹಾಳೆಯ ತುಂಬ ಇದ್ದಿಲಿನಲ್ಲಿ ಅಂಕಿ ಬರೆದಿತ್ತು.

"ಇದೇನು ದೇವೀರಮ್ಮ?" ಎಂದೆ.

"ಸೌದೆ ಲೆಕ್ಕ ಸಾರ್. ಗೆಸ್ಟ್ ಹೌಸಿನೋರೂ ಸೇರಿ ಇಪ್ಪತ್ತು ಜನದ ಅಡಿಗೆಗೆ ಎಷ್ಟು ಸೌದೆ ಹೋಯ್ತು ಅಂತ. ಮೊದಲು ದಿನಕ್ಕೆ ಒಂಬತ್ತು ಕೇಜಿ ಹೋಗೋದು. ನೀವು ಕೊಡೋ ದುಡ್ಡೆಲ್ಲ ಸೌದೆಯೋನಿಗೇ ಆಗೋದು. ಒಲೆ ಬಾಯಿ ಕಿರಿದು ಮಾಡಿದೆ, ಏಳಕ್ಕೆ ಇಳೀತು. ಈ ಎರಡು ಬಾಯಿದು ಬಂದ್ಮೇಲೆ ಐದೂವರೆ. ಹೊಟ್ಟು ಬೆರೆಸಿದ ಮಣ್ಣು ಹಾಕಿದ್ರೆ ಶಾಖ ಇನ್ನೂ ನಿಲ್ಲುತ್ತಾ ಅಂತ ಇವತ್ತು ನೋಡ್ಬೇಕು."

ನಾನು ಅಲ್ಲೇ ಸೌದೆ ರಾಶಿಯ ಮೇಲೆ ಕುಳಿತೆ. ಹನ್ನೆರಡು ವರ್ಷದಿಂದ ಕ್ಷೌರದ ಅಂಗಡಿಯಲ್ಲಿ ನಾನು "ನಡೀತಾ ಇದೆ" ಎಂದದ್ದು ಸುಳ್ಳಾಗಿರಲಿಲ್ಲ. ನನಗೆ ಗೊತ್ತಿರಲಿಲ್ಲ, ಅಷ್ಟೆ.

ಏಜೆಂಟನನ್ನೂ ಯಂತ್ರವನ್ನೂ ವಾಪಸ್ ಕಳಿಸಿ, ಖಜಾನೆಗೆ ಹೋಗಿ ಕೈ ಬಿಡಿಸಿಕೊಂಡು ಬಂದ ನಿರ್ದೇಶಕರಿಗೆ ಹೇಳಿದಾಗ ಅವರು ಮೊದಲು ನಕ್ಕರು. ಆಮೇಲೆ, "ಕ್ಯಾಂಟೀನ್ ಒಲೆ ರಿಪೇರಿ ಅಂತ ಕಟ್ಟಡದ ಬಾಬ್ತಿನಲ್ಲಿ ಹಾಕಿ" ಎಂದರು. ಕಟ್ಟಡದ ನೋಟು ತಂದೆವು, ಅದು ಅಂಟಿತು. ಕೊನೆಗೆ ಅವರು ಯೋಜನೆಯ ನಮೂನೆ ತರಿಸಿ, ಪ್ರಧಾನ ಸಂಶೋಧಕರು ಎಂಬಲ್ಲಿ ತಮ್ಮ ಹೆಸರನ್ನೂ ಸಹಾಯಕಿ ಎಂಬಲ್ಲಿ ದೇವೀರಮ್ಮನ ಹೆಸರನ್ನೂ ಬರೆದು ಸಹಿ ಹಾಕಿದರು. ಶಾಯಿ ಆರಲಿಲ್ಲ. ಊದಿದರು. ಫ್ಯಾನಿನ ಕೆಳಗೆ ಹಿಡಿದರು. ಬಿಸಿಲಿಗೆ ಒಯ್ದರು. ಮುಕ್ಕಾಲು ಗಂಟೆಯಾದರೂ ಅಕ್ಷರಗಳು ಈಗತಾನೆ ಬರೆದ ಹಾಗೆ ಹೊಳೆಯುತ್ತಿದ್ದವು. ಟೀ ತಂದ ದೇವೀರಮ್ಮ ಅದನ್ನು ನೋಡಿ, "ಸಾರ್, ಸ್ವಲ್ಪ ಬೂದಿ ಉದುರಿಸ್ಲಾ?" ಎಂದು ಕೇಳಿದಳು. ಅವಳಿಗೆ ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ನಿರ್ದೇಶಕರು ಆ ಹಾಳೆಯನ್ನು ಪಕ್ಕಕ್ಕಿಟ್ಟು, ಇನ್ನೊಂದು ನಮೂನೆ ಕೊಡಿ ಎಂದರು. ಪ್ರಧಾನ ಸಂಶೋಧಕರು: ದೇವೀರಮ್ಮ. ವಿದ್ಯಾರ್ಹತೆ: ಏಳನೆಯ ತರಗತಿ. ಪೆನ್ನು ಎತ್ತುವ ಮೊದಲೇ ಸಹಿ ಒಣಗಿತ್ತು.

ಕ್ಯಾಂಟೀನಿನ ಐದು ಒಲೆಗೆ ನಲವತ್ತೆಂಟು ಸಾವಿರ ಎಲ್ಲಿ ಖರ್ಚಾಗಬೇಕು ಎಂದು ನಾನು ಚಿಂತಿಸುತ್ತಿದ್ದೆ. ದೇವೀರಮ್ಮನೇ ಅದನ್ನು ಬಿಡಿಸಿದಳು. "ಇದು ನನ್ನ ಕೈಗೆ ಬಗ್ಗಿದ ಒಲೆ ಸಾರ್. ಇನ್ನೊಬ್ಬಳ ಕೈಗೆ ಬಗ್ಗುತ್ತೆ ಅಂತ ಏನು ಗ್ಯಾರಂಟಿ? ಒಬ್ಬೊಬ್ಬರು ಒಂದೊಂದು ಥರ ಉರಿ ಹಾಕ್ತಾರೆ. ಒಂದು ನಲವತ್ತು ಮನೇಲಿ ಇಟ್ಟು ನೋಡ್ಬೇಕು." ಪ್ರಹ್ಲಾದ ಕನ್ನಡಕ ತೆಗೆದು ಒರೆಸಿಕೊಂಡರು. "ಇಂಥ ಪ್ರಶ್ನೆ ನಾನು ಒಂದು ಸಲವೂ ಕೇಳಿಕೊಳ್ಳಲಿಲ್ಲವಲ್ಲ" ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

ದೇವೀರಮ್ಮನದು ಒಂದೇ ಷರತ್ತು. ಅವಳು ಒಲೆ ಹಾಕಲು ಹೋದಾಗ ಕ್ಯಾಂಟೀನು ಮುಚ್ಚಕೂಡದು, ನಾವೇ ಸರದಿಯಲ್ಲಿ ನಡೆಸಬೇಕು. ಹಾಗಾಗಿ ಜನವರಿಯ ಕೊನೆಯಿಂದ ನಮ್ಮ ಕೇಂದ್ರದಲ್ಲಿ ಪಟ್ಟಿ ಹಾಕಿಕೊಂಡು ಟೀ ಕಾಯಿಸತೊಡಗಿದೆವು. ಪ್ರಹ್ಲಾದರ ಟೀಯನ್ನು ಕುಡಿದವರು ಆ ದಿನ ಮತ್ತೇನೂ ಕುಡಿಯುತ್ತಿರಲಿಲ್ಲ. ನಿರ್ದೇಶಕರ ಸರದಿ ಗುರುವಾರ. ಮೊದಲ ಗುರುವಾರ ಅವರು ರಜೆ ಹಾಕಿದರು, ಎರಡನೆಯ ಗುರುವಾರ ಹಾಲು ಉಕ್ಕಿಸಿದರು, ಮೂರನೆಯ ಗುರುವಾರ ಏಲಕ್ಕಿ ತಂದಿದ್ದರು.

ಫೆಬ್ರವರಿ ಹತ್ತರ ಹೊತ್ತಿಗೆ ನಲವತ್ತು ಮನೆಯಲ್ಲಿ ಎರಡು ಬಾಯಿಯ ಒಲೆ ಕೂತವು. ಒಂದು ಬಾಯಿಗೆ ಅಡಿಗೆ, ಉಳಿದ ಶಾಖದಲ್ಲಿ ಇನ್ನೊಂದು ಬಾಯಿಯ ಮೇಲೆ ಸ್ನಾನದ ನೀರು. ಒಲೆಗೆ ಹದಿನೆಂಟು ಸಾವಿರ ಹೋಯಿತು, ತಕ್ಕಡಿಗಳಿಗೆ ಎಂಟು ಸಾವಿರ, ಪುಸ್ತಕ ಮತ್ತು ಗಾಡಿ ಬಾಡಿಗೆಗೆ ಸುಮಾರು ಎರಡು ಸಾವಿರದ ನಾನೂರು. ದಿನವೂ ಸೌದೆ ತೂಗಿ ಬರೆದಿಡುವುದಕ್ಕೆ ಆ ಮನೆಯ ಹೆಂಗಸರಿಗೆ ದಿನಕ್ಕೆ ಹತ್ತು ರೂಪಾಯಿ ಕೂಲಿ. ಸಂಜೆ ಐದಕ್ಕೆ ಅವರು ಪುಸ್ತಕ ಹಿಡಿದು ಗುಡ್ಡ ಹತ್ತಿ ಬರುತ್ತಿದ್ದರು, ನಾನು ಜಗಲಿಯಲ್ಲಿ ಕುಳಿತು ಒಬ್ಬೊಬ್ಬರಿಗೂ ನೋಟು ಕೊಡುತ್ತಿದ್ದೆ. ಒಂದು ದಿನ ಅಂಚೆಯವನ ಹೆಂಡತಿ ಚೆನ್ನಾಜಮ್ಮ ಕೈ ಚಾಚಿದಾಗ ನೋಟು ನನ್ನ ಬೆರಳಿನಲ್ಲೇ ನಿಂತಿತು. ಪುಸ್ತಕದಲ್ಲಿ ನಾಲ್ಕು ಕೇಜಿ ಎಂದು ಬರೆದಿತ್ತು. ಹಿಂದಿದ್ದವರೆಲ್ಲ ಬಗ್ಗಿ ನೋಡಿದರು. ಚೆನ್ನಾಜಮ್ಮ ತಲೆ ತಗ್ಗಿಸಿ, "ನಿನ್ನೆ ತಂಗಿ ಮನೆಗೆ ಹೋಗಿದ್ದೆ ಸಾರ್. ತೂಗಲಿಲ್ಲ, ಅಂದಾಜಿಗೆ ಬರೆದೆ" ಎಂದಳು. ನಾಲ್ಕನ್ನು ಹೊಡೆದು 'ತೂಗಿಲ್ಲ' ಎಂದು ಬರೆಸಿದೆ, ಆ ನೋಟು ಅವಳ ಹಿಂದಿದ್ದವಳಿಗೆ ಹೋಯಿತು. ಮರುದಿನದಿಂದ ಸಾಲಿನಲ್ಲಿದ್ದ ನಲವತ್ತು ಜನವೂ ನೆಂಟರಿಷ್ಟರ ಮನೆಗೆ ಹೋಗುವ ಮುಂಚೆ ಸೌದೆ ತೂಗುತ್ತಿದ್ದರು.

ಮಾರ್ಚ್ ಇಪ್ಪತ್ತಾರಕ್ಕೆ ನಲವತ್ತೈದು ದಿನ ತುಂಬಿತು. ಪ್ರಹ್ಲಾದ ಮತ್ತು ದೇವೀರಮ್ಮ ಕ್ಯಾಂಟೀನಿನ ಬೆಂಚಿನ ಮೇಲೆ ಎದುರುಬದುರು ಕುಳಿತು ಎರಡು ದಿನ ಕೂಡಿದರು, ಕಳೆದರು. ಹೊಸ ಒಲೆ ಹಾಕುವ ಮುಂಚೆ ದೇವೀರಮ್ಮ ತೂಗಿಟ್ಟುಕೊಂಡಿದ್ದ ಲೆಕ್ಕಕ್ಕೆ ಹೋಲಿಸಿದರೆ ಮೂವತ್ತಮೂರು ಮನೆಯಲ್ಲಿ ಸೌದೆ ಮೂರನೆಯ ಒಂದು ಪಾಲು ಉಳಿದಿತ್ತು. ಏಳು ಮನೆಯಲ್ಲಿ ಏನೂ ಉಳಿದಿರಲಿಲ್ಲ. ಅದರಲ್ಲಿ ಗಾಣದ ಬೀದಿಯ ಒಂದು ಮನೆಯಲ್ಲಂತೂ ಮೊದಲಿಗಿಂತ ಹೆಚ್ಚೇ ಉರಿದಿತ್ತು.

ನಿರ್ದೇಶಕರು ವರದಿಯನ್ನು ನನ್ನ ಟೈಪ್‌ರೈಟರಿನ ಪಕ್ಕ ನಿಂತೇ ಹೇಳಿ ಬರೆಸುತ್ತಿದ್ದರು. ಆ ಜಾಗಕ್ಕೆ ಬಂದಾಗ ನಿಲ್ಲಿಸಿದರು. "ಎಲ್ಲ ಮನೆಗಳಲ್ಲೂ ಅಂತ ಹಾಕಿ" ಎಂದರು.

ಲೆಕ್ಕದ ಪುಸ್ತಕ ಹಿಡಿದು ಪಕ್ಕದಲ್ಲಿ ಕುಳಿತಿದ್ದ ದೇವೀರಮ್ಮ ಎದ್ದು ನಿಂತಳು. "ಏಳು ಮನೇಲಿ ಆಗ್ಲಿಲ್ಲ ಸಾರ್."

"ಗೊತ್ತಮ್ಮ. ನಲವತ್ತರಲ್ಲಿ ಏಳು ಯಾರು ನೋಡ್ತಾರೆ? ಬರೋನು ಮುಚ್ಚೋಕೆ ಅಂತಲೇ ಬರ್ತಾ ಇದಾನೆ. ಅವನ ಕೈಗೆ ನಾವೇ ದೊಣ್ಣೆ ಕೊಡೋದಾ? ಹದಿನಾಲ್ಕು ಸಂಸಾರದ ವಿಷಯ."

"ಆ ಏಳು ಮನೆಯೋರೂ ನಲವತ್ತೈದು ದಿನ ಗುಡ್ಡ ಹತ್ತಿ ಬಂದವ್ರೆ ಸಾರ್. ಅವ್ರು ತೂಗಿದ್ದು ಸುಳ್ಳು ಅಂತ ನಾನು ಹೇಗೆ ಬರೆಸ್ಲಿ? ಬೆಳಗಾದ್ರೆ ನಲ್ಲಿ ಹತ್ರ ಅವ್ರ ಮುಖ ನೋಡ್ಬೇಕು."

ನಿರ್ದೇಶಕರು ನನ್ನ ಕಡೆ ತಿರುಗಿದರು. ಅವಳೂ ನನ್ನ ಕಡೆಯೇ ನೋಡಿದಳು. ನನ್ನ ಬೆರಳು ಕೀಲಿಯ ಮೇಲಿತ್ತು. ಇಪ್ಪತ್ತೆರಡು ವರ್ಷ ನಾನು ಮೇಲಿನವರು ಹೇಳಿದ್ದನ್ನು ಟೈಪ್ ಮಾಡಿದವನು. ನನ್ನ ಪಾಲಿಗೆ ಯೋಚಿಸುವ ಕೆಲಸವನ್ನೆಲ್ಲ ನೋಟುಗಳೇ ಮಾಡುತ್ತಿದ್ದವು. ಈ ಸಲ ಕೈಯಲ್ಲಿ ನೋಟೂ ಇರಲಿಲ್ಲ, ವರದಿಗೆ ಸಹಿಯೂ ಬೇಕಿರಲಿಲ್ಲ, ಟೈಪ್‌ರೈಟರಿನ ರಿಬ್ಬನ್ನು ಏನು ಬಡಿದರೂ ಒಣಗಿಯೇ ಬರುವಂಥದು. ಕೋಳಿಗಳ ಯೋಚನೆ ಬಂತು. ಮೂವತ್ತಮೂರು ಎಂದು ಹೊಡೆದೆ. ಆಮೇಲೆ ಕೆಳಗಿನ ಸಾಲಿನಲ್ಲಿ ಏಳು ಎಂದು ಹೊಡೆದು, ಕಾರಣ ತಿಳಿದಿಲ್ಲ ಎಂದು ಸೇರಿಸಿದೆ. ನಿರ್ದೇಶಕರು ಹೊರಗೆ ಹೋದರು. ಅವತ್ತು ಗುರುವಾರ. ಟೀ ಬರಲಿಲ್ಲ.

ಮೂವತ್ತೊಂದನೆಯ ತಾರೀಕು ಬೆಳಿಗ್ಗೆ ಹತ್ತಕ್ಕೆ ತನಿಖಾಧಿಕಾರಿ ಇಂದುಧರ ಅವರು ಬಂದರು. ಸಣಕಲು ಮನುಷ್ಯ, ಎಡಗೈಯಲ್ಲಿ ಬ್ಯಾಗು, ಬಲಗೈ ಕರವಸ್ತ್ರದಲ್ಲಿ ಸುತ್ತಿತ್ತು. ನಿರ್ದೇಶಕರು ಕೈಕುಲುಕಲು ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಗಾಯವಾಗಿದೆಯೇ ಎಂದು ಕೇಳಿದೆ. ಅವರು ಆಚೀಚೆ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು ಕರವಸ್ತ್ರ ಬಿಚ್ಚಿದರು. ಒಳಗೆ ಮಡಿಸಿದ ನೋಟುಗಳು.

"ಬೆಳಿಗ್ಗೆ ಹೋಟೆಲಿನಲ್ಲಿ ದುಡ್ಡು ಕೊಡೋಕೆ ಹೋದಾಗಿನಿಂದ ಹೀಗಾಗಿದೆ. ಮೂರು ಸಲ ಸೋಪು ಹಾಕಿ ತೊಳೆದೆ. ಇಲ್ಲಿ ಒಳ್ಳೆಯ ಚರ್ಮದ ಡಾಕ್ಟರು ಯಾರಾದರೂ ಇದ್ದಾರೆಯೇ?"

"ಇದು ಯಾವ ಬಾಬ್ತಿನ ಹಣ ಸಾರ್?" ಎಂದೆ.

"ಪ್ರಯಾಣ ಭತ್ಯೆ. ಕಾರಿನ ಬಾಡಿಗೆ."

"ತಾವು ಬಂದದ್ದು?"

ಅವರು ಗುಡ್ಡದ ಕೆಳಗಿನ ಬಸ್ ನಿಲ್ದಾಣದ ಕಡೆ ನೋಡಿದರು. ನಾನು ಹೆಚ್ಚು ಕೇಳಲಿಲ್ಲ. ನಮ್ಮ ಊರಿನಲ್ಲಿ ಒಂದೇ ಒಂದು ಬಾಡಿಗೆ ಕಾರು ಇದೆ. ಹೊರಗಿನಿಂದ ಬರುವ ಅಧಿಕಾರಿಗಳಿಂದಲೇ ಅದರ ಡ್ರೈವರ್ ಎರಡು ಮನೆ ಕಟ್ಟಿಸಿದ್ದಾನೆ. ವಾಪಸ್ ಹೋಗುವಾಗ ಅದರಲ್ಲಿ ಹೋದರೆ ಸರಿಹೋಗುತ್ತದೆ ಎಂದು ಹೇಳಿ ಸಮಾಧಾನ ಮಾಡಿದೆ. ಅವರು ಕರವಸ್ತ್ರ ಮತ್ತೆ ಸುತ್ತಿಕೊಂಡು ಎಡಗೈಯಿಂದಲೇ ಕಡತ ತಿರುವತೊಡಗಿದರು.

ಅವರು ಸುಲಭದವರಾಗಿರಲಿಲ್ಲ. ಮಣ್ಣಿನ ಗಾಡಿಗೆ ಕೊಟ್ಟ ರಸೀದಿಯಿಂದ ಹಿಡಿದು ನಲವತ್ತು ಪುಸ್ತಕಗಳವರೆಗೆ ಒಂದೊಂದನ್ನೂ ನೋಡಿದರು. 'ತೂಗಿಲ್ಲ' ಎಂದು ಬರೆದಿದ್ದ ಜಾಗದಲ್ಲಿ ನಿಂತು, ಮುಂದೆ ಹೋಗಿ, ಮತ್ತೆ ಹಿಂದೆ ಬಂದು ಅದನ್ನೇ ನೋಡಿದರು. ಖರ್ಚಾಗದೆ ಉಳಿದದ್ದು ಸಾವಿರದ ಆರುನೂರು ರೂಪಾಯಿ. ಆಮೇಲೆ ವರದಿ ಎತ್ತಿಕೊಂಡರು. ಏಳರ ಸಾಲಿನ ಮೇಲೆ ಬೆರಳಿಟ್ಟು, "ಇದೇನು?" ಎಂದರು.

ನಿರ್ದೇಶಕರು ಮುಂದೆ ಬಂದರು. "ಅದು ಟೈಪಿಂಗಿನಲ್ಲಿ" ಎಂದು ಶುರುಮಾಡಿದರು.

"ಆ ಏಳು ಮನೇಲಿ ನನ್ನ ಒಲೆ ಸೋತದೆ ಸಾರ್" ಎಂದಳು ದೇವೀರಮ್ಮ. ಬಾಗಿಲ ಹತ್ತಿರ ನಿಂತಿದ್ದಳು, ಕೈ ಇನ್ನೂ ಒದ್ದೆಯಾಗಿತ್ತು. "ಯಾಕೆ ಅಂತ ಗೊತ್ತಾಗ್ಲಿಲ್ಲ. ಒಲೆಯೆಲ್ಲ ಒಂದೇ ಅಳತೆ, ಮಣ್ಣೂ ಒಂದೇ. ಎರಡೆರಡು ಸಲ ಹೋಗಿ ನೋಡ್ದೆ. ನಾನು ಹೋದಾಗ ಚೆನ್ನಾಗೇ ಉರೀತದೆ."

ಇಂದುಧರ ಅವಳನ್ನು ನೋಡಿದರು. ಪ್ರಧಾನ ಸಂಶೋಧಕರ ಹೆಸರಿನ ಮೇಲೆ ಕಣ್ಣಾಡಿಸಿ ಮತ್ತೆ ಅವಳನ್ನು ನೋಡಿದರು. "ನಾನು ಹನ್ನೆರಡು ವರ್ಷದಿಂದ ಕೇಂದ್ರಗಳನ್ನು ತನಿಖೆ ಮಾಡ್ತಾ ಇದೀನಮ್ಮ" ಎಂದರು. "ನೂರಕ್ಕೆ ನೂರು ಗೆದ್ದ ಯೋಜನೆಗಳನ್ನೇ ನೋಡಿದೀನಿ. ಆ ಊರುಗಳಲ್ಲಿ ಜನ ಈಗಲೂ ಹೊಗೇಲೇ ಅಡಿಗೆ ಮಾಡ್ತಾರೆ." ಅಷ್ಟು ಹೇಳಿ ಎಡಗೈಯಲ್ಲಿ ವಕ್ರವಕ್ರವಾಗಿ ಷರಾ ಬರೆದರು: ಕೇಂದ್ರವನ್ನು ಒಂದು ವರ್ಷ ಮುಂದುವರಿಸಬಹುದು, ಏಳು ಮನೆಗಳ ವೈಫಲ್ಯಕ್ಕೆ ಕಾರಣವನ್ನು ನಿರ್ದೇಶಕರು ಖುದ್ದಾಗಿ ಸ್ಥಳಕ್ಕೆ ಹೋಗಿ ಕಂಡುಹಿಡಿದು ಮೂರು ತಿಂಗಳಲ್ಲಿ ತಿಳಿಸತಕ್ಕದ್ದು. ಬರೆದು ಮುಗಿಸುವುದರೊಳಗೆ ಶಾಯಿ ಒಣಗಿದ್ದನ್ನು ಒಳಗಿದ್ದವರು ಮೇಜಿನ ಪಕ್ಕದಿಂದ, ಉಳಿದವರು ಕಿಟಕಿಯಿಂದ, ನಾವು ಹದಿನಾಲ್ಕು ಜನವೂ ನೋಡಿದೆವು. ಅವರು ಆ ಮಧ್ಯಾಹ್ನ ಕಾರಿನಲ್ಲಿ ಹಿಂದಿನ ಸೀಟಿನ ನಡುವೆ ಕುಳಿತು ರಾಜಧಾನಿಗೆ ಹೋದರು. ಡ್ರೈವರು ಮುಂಗಡ ಕೇಳಿದ ತಕ್ಷಣ ಬಲಗೈ ಬಿಚ್ಚಿಕೊಂಡಿತಂತೆ.

'ಖುದ್ದಾಗಿ' ಎಂಬ ಮಾತು ನಿರ್ದೇಶಕರನ್ನು ಹದಿನೈದು ದಿನ ಕಾಡಿತು. ಪ್ರಹ್ಲಾದರನ್ನು ಕಳಿಸಬಹುದೇ ಎಂದು ನನ್ನನ್ನು ಮೂರು ಬಗೆಯಲ್ಲಿ ಕೇಳಿದರು. ಕೊನೆಗೆ ಏಪ್ರಿಲ್ ಮಧ್ಯದ ಒಂದು ಬೆಳಿಗ್ಗೆ ಟೈ ಕಟ್ಟಿಕೊಂಡು ಗಾಣದ ಬೀದಿಗೆ, ಮೊದಲಿಗಿಂತ ಹೆಚ್ಚು ಸೌದೆ ಉರಿದ ಆ ಮನೆಗೆ ಹೋದರು. ಹನ್ನೊಂದಕ್ಕೆ ಹೋದವರು ಎರಡೂವರೆಗೆ ಬಂದರು. ಟೈ ಜೇಬಿನಲ್ಲಿತ್ತು, ಕಣ್ಣು ಕೆಂಪಗಿತ್ತು, ಅಂಗಿಯ ತೋಳಿಗೆ ಮಸಿ. ನೇರ ಕ್ಯಾಂಟೀನಿಗೆ ಬಂದು ಬೆಂಚಿನ ಮೇಲೆ ಕುಳಿತರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಯಾವ ಸ್ವಾಗತ ಭಾಷಣದಲ್ಲೂ ಕಂಡಿರಲಿಲ್ಲ.

"ಕಂಡುಹಿಡಿದೆ ಕಮಲಾಕ್ಷ" ಎಂದರು. "ಆ ಮನೇಲಿ ಒಬ್ಬರು ಅಜ್ಜಿ ಇದಾರೆ. ಸ್ನಾನದ ನೀರು ಕಾಯೋ ತನಕ ಸೊಸೆ ಒಲೆ ಮುಂದೆ ಕೂತು ಅತ್ತೆ ಕಾಲು ಒತ್ತುತ್ತಾಳಂತೆ. ಹಳೇ ಒಲೇಲಿ ಒಂದು ಗಂಟೆ ಆಗೋದು. ಈ ಹೊಸ ಒಲೇಲಿ ಇಪ್ಪತ್ತು ನಿಮಿಷಕ್ಕೆ ನೀರು ಕಾದುಬಿಡುತ್ತೆ, ಸೊಸೆ ಎದ್ದುಬಿಡ್ತಾಳೆ. ಅದಕ್ಕೆ ಅಜ್ಜಿ ಏನ್ ಮಾಡ್ತಾರೆ ಗೊತ್ತಾ? ಸೊಸೆ ಆ ಕಡೆ ತಿರುಗಿದಾಗ ಹಂಡೆಗೆ ತಣ್ಣೀರು ಸುರೀತಾರೆ. ಮೂರು ಗಂಟೆ ಒಲೆ ಮುಂದೆ ಕೂತಿದ್ದೆ. ನನ್ನ ಕಣ್ಣಾರೆ ನೋಡಿದೆ. ಆಮೇಲೆ ಅಜ್ಜಿನೇ ಒಪ್ಕೊಂಡ್ರು, ಯಾರಿಗೂ ಹೇಳ್ಬೇಡ ಮಗ ಅಂತ ಕೈ ಹಿಡ್ಕೊಂಡ್ರು."

ಅವರು ನನ್ನಿಂದ ಪೆನ್ನು ಕೇಳಿ ಪಡೆದು, ಆ ಮನೆಯ ಪುಸ್ತಕದ ಕೊನೆಯ ಪುಟದಲ್ಲಿ ತಮ್ಮ ಕೈಯಾರೆ ಎಲ್ಲವನ್ನೂ ಬರೆದರು. ಅಜ್ಜಿಯ ಹೆಸರನ್ನು ಬರೆಯಲಿಲ್ಲ. ಬರೆದಾದ ಮೇಲೆ ಪುಸ್ತಕವನ್ನು ತಾವೇ ಎತ್ತಿ ದೇವೀರಮ್ಮನಿಗೆ ಕೊಟ್ಟು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ಕೈಕಟ್ಟಿ ನಿಂತರು. ಅವಳು ಸಾರಿನ ಪಾತ್ರೆಯನ್ನು ಕೆಳಗಿಳಿಸಿ, ಕೈ ಒರೆಸಿಕೊಂಡು, ಅಕ್ಷರಕ್ಕೆ ಅಕ್ಷರ ಜೋಡಿಸಿ ನಿಧಾನವಾಗಿ ಓದಿದಳು. ಒಂದು ಕಡೆ ನಕ್ಕಳು. ಪೂರ್ತಿ ಓದಿ ತಲೆ ಎತ್ತಿದಳು.

"ಎಷ್ಟು ಚೊಂಬು ಅಂತ ಬರೆದಿಲ್ವಲ್ಲ ಸಾರ್."

"ಎಷ್ಟು ಚೊಂಬು ಏನು?"

"ದಿನಕ್ಕೆ ಎಷ್ಟು ಚೊಂಬು ತಣ್ಣೀರು ಹಾಕ್ತಾರೆ ಅಂತ. ಅದು ಗೊತ್ತಾಗ್ದೆ ಸೌದೆ ಲೆಕ್ಕ ಹೇಗೆ ಕೂಡಿಸೋದು?"

ನಿರ್ದೇಶಕರು ಪುಸ್ತಕವನ್ನು ವಾಪಸ್ ತೆಗೆದುಕೊಂಡರು. "ಸೊಸೆ ಮುಂದೆ ಅದನ್ನ ಹೇಗಮ್ಮ ಕೇಳೋದು?" ಎಂದರು.

"ಮೂರು ಗಂಟೆಗೆ ಸೊಸೆ ನಲ್ಲಿ ನೀರಿಗೆ ಹೋಗ್ತಾಳೆ. ಈಗ ಹೊರಟ್ರೆ ಅಜ್ಜಿ ಒಬ್ರೇ ಸಿಕ್ತಾರೆ."

ನಿರ್ದೇಶಕರು ಗೋಡೆಯ ಗಡಿಯಾರ ನೋಡಿದರು. ಊಟವಾಗಿರಲಿಲ್ಲ. ದೇವೀರಮ್ಮ ಒಂದು ಲೋಟ ಮಜ್ಜಿಗೆ ಕೊಟ್ಟಳು, ನಿಂತೇ ಕುಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಆ ಬಿಸಿಲಿನಲ್ಲಿ ಗುಡ್ಡ ಇಳಿದು ಹೋದರು.